ಮೂರು ಕೀಲಿಯ ಪೆಟ್ಟಿಗೆ

ಔರಾದಿನಿಂದ ಬೀದರಿಗೆ ಸೋಮವಾರ ಬೆಳಿಗ್ಗೆ ಹೊರಟ ಮೊದಲ ಮೋಟಾರಿನಲ್ಲಿ ಕೂರಲು ಬೇಕಾದಷ್ಟು ಜಾಗವಿತ್ತು. ಆದರೂ ಪಂಢರಿ ನಿಂತೇ ಹೋದ. ನಿಂತರೆ ಗಾಡಿ ಬೇಗ ಓಡುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೆತ್ತವ್ವ ಉಸಿರಿಗಾಗಿ ಒದ್ದಾಡುತ್ತ ಮಲಗಿರುವಾಗ ತಾನು ಕಿಟಕಿಗೆ ಒರಗಿ ಕೂತು ಹೋಗುವುದು ಅವನ ಕೈಲಾಗಲಿಲ್ಲ, ಅಷ್ಟೇ. ಅಂಗಿ ಕಿಸೆಯಲ್ಲಿ ಔರಾದ ದವಾಖಾನೆಯ ಕರೀಮ ಸಾಬರು ಬರೆದುಕೊಟ್ಟ ಚೀಟಿಯಿತ್ತು. ಅದನ್ನು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಅವ್ವ ಜಿಜಾಬಾಯಿಯ ಕುತ್ತಿಗೆಯ ಬಲಗಡೆ ಶುಕ್ರವಾರ ಒಂದು ಗುಳ್ಳೆ ಎದ್ದಿತ್ತು. ನುಸಿ ಕಡಿದ ಹಾಗೆ ತುರಿಕೆ, ನೋವಿಲ್ಲ. ಶನಿವಾರ ಅದರ ನೆತ್ತಿ ಇದ್ದಿಲಿನಂತೆ ಕಪ್ಪಗಾಯಿತು. ಭಾನುವಾರ ಬಾವು ಗದ್ದದಿಂದ ಎದೆಗೆ ಇಳಿದು, ಮುದುಕಿ ಗಂಜಿ ನುಂಗುವುದನ್ನೂ ಬಿಟ್ಟಳು. ಆಚೆಯ ಮರಾಠಿ ಊರುಗಳಿಂದ ಬಂದ ಮಾತಿನಲ್ಲಿ ಇದಕ್ಕೆ ಕಾಳಪುಳಿ ಎನ್ನುತ್ತಾರೆ. ಕುರಿಗೆ ಬಂದರೆ ಫಾಶಿ, ಮನುಷ್ಯರಿಗೆ ಬಂದರೆ ಕಾಳಪುಳಿ, ರೋಗ ಮಾತ್ರ ಒಂದೇ. ಕುರಿಯಾದರೆ ನಿಂತಲ್ಲೇ ಬಿದ್ದು, ಮೂಗಿನಿಂದ ಕರಿಯ ರಕ್ತ ಸುರಿಸಿ ಸಾಯುತ್ತದೆ. ಮನುಷ್ಯರಿಗೆ ನಾಲ್ಕೈದು ದಿನದ ವಾಯಿದೆ ಕೊಡುತ್ತದೆ.

ಕರೀಮ ಸಾಬರು ಮೂವತ್ತು ವರ್ಷದ ಹಳೆಯ ಕಂಪೌಂಡರು. ಔರಾದಿನಲ್ಲಿ ಡಾಕ್ಟರ ಕುರ್ಚಿ ಖಾಲಿಯಾಗಿ ಮೂರು ತಿಂಗಳಾಗಿತ್ತು, ಹಾಗಾಗಿ ಅವರೇ ಡಾಕ್ಟರು. ದವಾಖಾನೆಯಲ್ಲಿದ್ದ ಪೆನಿಸಿಲಿನ್ನನ್ನೆಲ್ಲ ಮುದುಕಿಗೇ ಚುಚ್ಚಿ ಮುಗಿಸಿದ್ದರು. ಸೋಮವಾರ ಬೆಳಕು ಹರಿಯುವಾಗ ಬಂದು ಕುತ್ತಿಗೆ ಮುಟ್ಟಿ ನೋಡಿ, ಪಂಢರಿಯನ್ನು ಅಂಗಳಕ್ಕೆ ಕರೆದರು.

"ಇದ್ದಷ್ಟು ಸೂಜಿ ಹಾಕೀನಿ. ಬಾವು ಗಂಟಲ ಒತ್ಲಾಕ ಹತ್ಯಾದ," ಎಂದರು. "ಸೀರಂ ಬೇಕು ಪಂಢರಿ. ಅದು ನಿಮ್ಮ ನೌಬಾದ ಕ್ಯಾಂಪಿನ ಪೆಟ್ಟಿಗ್ಯಾಗ ಅದ, ಈ ಜಿಲ್ಲಾದಾಗ ಬ್ಯಾರೆ ಎಲ್ಲೂ ಇಲ್ಲ. ನಾಳಿ ಸಂಜಿ ಒಳಗ ತಂದ್ರ ನಿಮ್ಮವ್ವ ಉಳೀತಾಳ."

ನಾಳೆ ಸಂಜೆ. ಮೋಟಾರಿನ ಸರಳು ಹಿಡಿದು ಪಂಢರಿ ಅದೊಂದೇ ಮಾತನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದ.

ಮುದುಕಿಗೆ ಈ ರೋಗ ಬಂದ ಬಗೆಯೂ ಅವನ ಹೊಟ್ಟೆ ಉರಿಸುತ್ತಿತ್ತು. ಊರಿನ ಸತ್ತ ದನ ಎಳೆಯುವುದು ತಲೆತಲಾಂತರದಿಂದ ಅವರ ಕೇರಿಯ ಪಾಲಿಗೆ ಬಂದ ಕೆಲಸ. ಯಾರ ಕೊಟ್ಟಿಗೆಯಲ್ಲಿ ಏನು ಸತ್ತರೂ ಜಿಜಾಬಾಯಿಯ ಬಾಗಿಲಿಗೆ ಬಂದು ಕೂಗುತ್ತಿದ್ದರು. ಆ ವರ್ಷ, ಐವತ್ತಾರನೆಯ ಇಸವಿಯ ದಸರೆಗೆ, ಕೇರಿಯ ಹಿರಿಯರು ನಾಗಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದರು. ಇನ್ನು ಮೇಲೆ ಸತ್ತದ್ದನ್ನು ಮುಟ್ಟುವುದಿಲ್ಲ, ಎಳೆಯುವುದಿಲ್ಲ, ನಿಮ್ಮ ದನ ನೀವೇ ಹೂಳಿರಿ ಎಂದು ಊರಿಗೆ ಹೇಳಿಬಿಟ್ಟರು. ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಜಿಜಾಬಾಯಿಯೇ. ಆಮೇಲೆ ಒಂದು ತಿಂಗಳಾಗುವುದರೊಳಗೆ ಕುರುಬರ ಪುತಳಾಬಾಯಿಯ ಹಿಂಡಿಗೆ ಫಾಶಿ ಬಡಿದು, ಬಾವಿಯ ಹತ್ತಿರ ಏಳು ಕುರಿ ಬಿದ್ದವು. ಊರಿನವರು ಯಾರೂ ಹತ್ತಿರ ಸುಳಿಯಲಿಲ್ಲ, ಕೇರಿಯವರೂ ತಮ್ಮ ಮಾತು ಮುರಿಯಲಿಲ್ಲ. ಪುತಳಾಬಾಯಿ ಗಂಡನಿಲ್ಲದವಳು. ಎರಡು ದಿನ ನಾಯಿಗಳನ್ನು ಓಡಿಸುತ್ತ ಹೆಣಗಳ ಕಾವಲಿಗೆ ಕೂತಿದ್ದಳು.

ಪಂಢರಿ ಹಸುಗೂಸಾಗಿದ್ದಾಗ ಜಿಜಾಬಾಯಿಯ ಎದೆಯಲ್ಲಿ ಹಾಲು ಬತ್ತಿತ್ತು. ಆಗ ದಿನಾ ಆಡಿನ ಹಾಲು ಕೊಟ್ಟವಳು ಈ ಪುತಳಾಬಾಯಿ. ಬೇರೆಯವರು ಕೊಡುವಾಗ ಮೇಲಿನಿಂದ ಸುರಿಯುತ್ತಿದ್ದರು, ಪಾತ್ರೆಗೆ ಪಾತ್ರೆ ತಾಗಬಾರದಲ್ಲ. ಪುತಳಾಬಾಯಿ ತನ್ನ ಚೊಂಬನ್ನೇ ಕೈಗೆ ಕೊಡುತ್ತಿದ್ದಳು. ಆ ಋಣಕ್ಕೆ ಜಿಜಾಬಾಯಿ ಯಾರಿಗೂ ಹೇಳದೆ ಬಾವಿಗೆ ಹೋಗಿ, ಗುಂಡಿ ತೋಡಿ, ಏಳೂ ಕುರಿಯನ್ನು ಹೆಗಲ ಮೇಲೆ ಹೊತ್ತು ಮಣ್ಣಿಗೆ ಹಾಕಿದ್ದಳು. ಊರಿಗಾಗಿ ಹೊತ್ತಿದ್ದರೆ ಮಾತು ಮುರಿದಂತಾಗುತ್ತಿತ್ತು, ಗೆಳತಿಗಾಗಿ ಹೊತ್ತರೆ ಇಲ್ಲ ಎಂಬುದು ಅವಳ ಲೆಕ್ಕ. ಕುರಿಯ ಮೂಗಿನ ರಕ್ತ ಕುತ್ತಿಗೆಗೆ ಮೆತ್ತಿದ್ದನ್ನು ಅವಳು ಗಮನಿಸಲೂ ಇಲ್ಲ.

ಈಗ ಆ ನೌಬಾದ ಕ್ಯಾಂಪಿನ ಕಥೆ. ಪಂಢರಿ ಅಲ್ಲಿಯ ಚಪರಾಸಿ. ಅವನ ವಂಶದಲ್ಲಿ ಎದೆಗೆ ಸರ್ಕಾರದ ಪಟ್ಟೆ ಕಟ್ಟಿದವನು ಅವನೇ ಮೊದಲು.

ಅದು ಹೈದರಾಬಾದ ರಾಜ್ಯದ ಕೊನೆಯ ಬೇಸಿಗೆ. ಬೀದರಿನ ಅಂಚಿಗೆ ನೌಬಾದದಲ್ಲಿ ಮೂರು ಡೇರೆ ಹೊಡೆದು, ಮೂರು ಇಲಾಖೆಯವರು ಕೂಡಿ ಫಾಶಿ ರೋಗದ ಸಂಶೋಧನೆಗೆಂದು ಬಂದರು. ದನದ ದವಾಖಾನೆಯವರಿಗೆ ಕುರಿ ಉಳಿಯಬೇಕಿತ್ತು. ಮನುಷ್ಯರ ದವಾಖಾನೆಯವರಿಗೆ ಕುರಿ ಕಾಯುವವರು ಉಳಿಯಬೇಕಿತ್ತು. ಮಿಲಿಟರಿಯವರ ಚಿಂತೆ ಇನ್ನೂ ದೊಡ್ಡದು: ನಾಳೆ ಯಾರಾದರೂ ಶತ್ರು ಈ ರೋಗದ ಹುಳವನ್ನೇ ಬೇಕೆಂದು ನಮ್ಮ ದನಗಳ ಮೇಲೆ, ಸಿಪಾಯಿಗಳ ಮೇಲೆ ಬಿಟ್ಟರೆ ಏನು ಗತಿ, ಈ ಹುಳ ಮಣ್ಣಿನಲ್ಲಿ ಎಷ್ಟು ಕಾಲ ಬದುಕುತ್ತದೆ, ಇದನ್ನು ತಡೆಯುವುದು ಹೇಗೆ? ಮೂರೂ ಒಳ್ಳೆಯ ಕೆಲಸವೇ. ಮೂವರೂ ಕೂಡಿ ಮಾಡಬೇಕೆಂದು ದೊಡ್ಡವರು ಎಲ್ಲೋ ಕೂತು ಒಪ್ಪಂದವನ್ನೂ ಬರೆದಿದ್ದರು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇರಬೇಕೆಂದು ಮಾತ್ರ ಅದರಲ್ಲಿ ಬರೆದಿರಲಿಲ್ಲ.

ಹಾಗಾಗಿ ಬಂತು ಆ ಕಬ್ಬಿಣದ ಪೆಟ್ಟಿಗೆ. ಅದರೊಳಗೆ ಒಂದು ಕಡೆ ರೋಗದ ಹುಳ ಬೆಳೆಸಿದ ಆರು ಗಾಜಿನ ನಳಿಗೆ, ಇನ್ನೊಂದು ಕಡೆ ಹನ್ನೆರಡು ಬಾಟಲಿ ಸೀರಂ. ವಿಷವೂ ಮದ್ದೂ ಒಂದೇ ಮನೆಯಲ್ಲಿ. ಯಾವ ಇಲಾಖೆಯವರೂ ಇನ್ನಿಬ್ಬರ ಕಣ್ಣು ತಪ್ಪಿಸಿ ನಳಿಗೆ ತೆಗೆಯಬಾರದೆಂದು ಮುಚ್ಚಳಕ್ಕೆ ಮೂರು ಕೀಲಿ, ಮೂವರ ಹತ್ತಿರ ಮೂರು ಚಾವಿ. ದನದ ಡಾಕ್ಟರು ಶರಫೋದ್ದೀನ ಸಾಹೇಬರದು ಒಂದು, ಮನುಷ್ಯರ ಡಾಕ್ಟರು ಮಕ್ಸೂದ ಸಾಹೇಬರದು ಒಂದು, ಮಿಲಿಟರಿಯ ಸುಭೇದಾರ ಹಣಮಂತಪ್ಪನವರದು ಒಂದು. ಮೂವರೂ ಎದುರು ಬದುರು ನಿಂತರೆ ಪೆಟ್ಟಿಗೆ ತೆರೆಯುತ್ತಿತ್ತು. ಐದಾರು ತಿಂಗಳಲ್ಲಿ ಅದು ತೆರೆದದ್ದು ಐದೇ ಸಲ.

ಅಕ್ಟೋಬರ್ ಮೂವತ್ತೊಂದರಂದು ಕೊನೆಯ ಸಲ ತೆರೆಯಿತು. ಮರುದಿನ ಬೀದರ ಜಿಲ್ಲೆ ಮೂರು ಪಾಲಾಗಲಿತ್ತು. ಉದಗೀರದ ಕಡೆಯದು ಮುಂಬಯಿಗೆ, ಜಹೀರಾಬಾದದ ಕಡೆಯದು ಆಂಧ್ರಕ್ಕೆ, ಬೀದರ, ಭಾಲ್ಕಿ, ಔರಾದ ಮೈಸೂರು ರಾಜ್ಯಕ್ಕೆ. ಶರಫೋದ್ದೀನ ಸಾಹೇಬರು ಹೈದರಾಬಾದಿಗೆ ಹೊರಟಿದ್ದರು, ಅವರ ಜಾಗಕ್ಕೆ ಬರಬೇಕಾದ ಮೈಸೂರಿನ ಅಧಿಕಾರಿಯ ಪತ್ತೆಯಿರಲಿಲ್ಲ. ಮಕ್ಸೂದ ಸಾಹೇಬರಿಗೆ ಭಾಲ್ಕಿ ದವಾಖಾನೆಗೆ ಬದಲಿಯಾಗಿ, ಅವರು ರೈಲಿನ ಹೊತ್ತು ನೋಡುತ್ತ ನಿಂತಿದ್ದರು. ಶರಫೋದ್ದೀನ ಸಾಹೇಬರು ಉರ್ದುವಿನಲ್ಲಿ ಸಾಮಾನಿನ ಯಾದಿ ಬರೆಯುತ್ತ ಹೋದರು, ಪಂಢರಿ ಒಂದೊಂದನ್ನೇ ಪೆಟ್ಟಿಗೆಯಲ್ಲಿ ಇಡುತ್ತ ಹೋದ. ಬಾಟಲಿ, ನಳಿಗೆ, ಸೂಜಿಯ ಡಬ್ಬಿ, ವರದಿಯ ಕಾಗದ, ಅರಗಿನ ಮುದ್ರೆ ಒತ್ತಿದ ಒಂದು ಲಕೋಟೆ, ಕೊನೆಗೆ ಯಾದಿಯದೇ ಒಂದು ನಕಲು. ಯಾದಿಯ ಕೆಳಗೆ ಎಲ್ಲರೂ ಸಹಿ ಮಾಡಿದರು. ಪಂಢರಿಗೆ ಮರಾಠಿ ಓದಲು ಬರುತ್ತಿತ್ತು, ಉರ್ದು ಬರುತ್ತಿರಲಿಲ್ಲ. ಹಾಕು ಎಂದಲ್ಲಿ ಅವನೂ ಸಾಕ್ಷಿಯ ಸಹಿ ಹಾಕಿದ. ಎರಡು ಕೀಲಿ ಬಿದ್ದ ಮೇಲೆ ಮೂರನೆಯದನ್ನು, ಶರಫೋದ್ದೀನ ಸಾಹೇಬರ ಪಾಲಿನದನ್ನು, ಅವರ ಅಪ್ಪಣೆಯಂತೆ ಅವನೇ ಒತ್ತಿದ. ಅದು ಚಾವಿಯಿಲ್ಲದೆ, ಒತ್ತಿದರೆ ತಾನೇ ಬೀಳುವ ಕೀಲಿ.

ಮರುದಿನ ಬೀದರಿನಲ್ಲಿ ಬಾವುಟ ಹಾರಿತು, ಬಾಜಾ ಬಡಿದರು, ಸಾಲಿ ಮಕ್ಕಳಿಗೆ ಪೇಡೆ ಹಂಚಿದರು. ಪಂಢರಿಯೂ ಒಂದು ಪೇಡೆ ತಿಂದ. ಅಂದಿನಿಂದ ನೌಬಾದಕ್ಕೆ ಯಾವ ಸಾಹೇಬರೂ ಬರಲಿಲ್ಲ. ತಾನು ಯಾವ ರಾಜ್ಯದ ಯಾವ ಇಲಾಖೆಯ ಚಪರಾಸಿ ಎಂದು ತಿಳಿಯದೆಯೂ, ಅವ್ವ ಮಲಗಿದಳೆಂದು ಊರಿಗೆ ಹೋಗುವ ತನಕ ಅವನು ದಿನಾ ಡೇರೆ ಗುಡಿಸಿ, ಪೆಟ್ಟಿಗೆಯ ಸುತ್ತಲಿನ ಮರಳಿಗೆ ನೀರು ಹಾಕಿ ತಂಪಾಗಿಟ್ಟಿದ್ದ.

ಸೋಮವಾರ ಮಧ್ಯಾಹ್ನ ಆ ಪೆಟ್ಟಿಗೆಯ ಮುಂದೆ ಬಂದು ನಿಂತಾಗ ಡೇರೆಯಲ್ಲಿ ಅವನೊಬ್ಬನೇ. ಮೊಳಕಾಲೂರಿ ಮೂರೂ ಕೀಲಿಯನ್ನು ಜಗ್ಗಿ ನೋಡಿದ. ಹೊರಗೆ ಹೋಗಿ, ಡೇರೆಯ ಗೂಟ ಬಡಿಯುವ ಕಲ್ಲು ತಂದ. ಎರಡೂ ಕೈಯಲ್ಲಿ ಎತ್ತಿದ.

ಎತ್ತಿದವನಿಗೆ ಒಳಗಿನ ಆರು ನಳಿಗೆ ಕಣ್ಣ ಮುಂದೆ ಬಂದವು. ಪೆಟ್ಟು ಬಿದ್ದು ಒಂದು ಒಡೆದರೂ ನೌಬಾದದ ಗತಿ ಏನು? ಔಷಧದ ಬಾಟಲಿಯೇ ಒಡೆದರೆ ಅವ್ವನ ಗತಿ ಏನು? ಅದರ ಹಿಂದೆಯೇ ಇನ್ನೊಂದು ಭಯವೂ ಬಂತು, ಅದನ್ನು ಮುಚ್ಚಿಡುವುದು ಬೇಡ. ಸರ್ಕಾರದ ಕೀಲಿ ಒಡೆದವನು ಯಾರು ಎಂದು ಕೇಳಿದರೆ ಕೇರಿಯವನು ಎನ್ನುತ್ತಾರೆ. ಒಬ್ಬನಿಗೆ ನೌಕರಿ ಕೊಟ್ಟು ನೋಡಿದೆವು, ಕಳ್ಳತನ ಮಾಡಿದ ಎನ್ನುತ್ತಾರೆ. ನಾಳೆ ಕೇರಿಯ ಇನ್ನೊಬ್ಬನಿಗೆ ಪಟ್ಟೆ ಸಿಗುವುದಿಲ್ಲ. ಕಲ್ಲನ್ನು ಸದ್ದಾಗದಂತೆ ಕೆಳಗಿಟ್ಟು, ಚಾವಿ ಹುಡುಕಿಕೊಂಡು ಹೊರಟ. ನಾಳೆ ಸಂಜೆಯ ತನಕ ಹೊತ್ತಿದೆ ಎಂದು ತನಗೆ ತಾನೇ ಹೇಳಿಕೊಂಡ.

ಸುಭೇದಾರ ಹಣಮಂತಪ್ಪ ಬೀದರಿನಲ್ಲೇ, ಮಿಲಿಟರಿ ಠಾಣೆಯಲ್ಲಿದ್ದರು. ಭಾಲ್ಕಿ ಕಡೆಯ ಹಳ್ಳಿಯವರು, ದೊಡ್ಡ ಮೀಸೆಯ ಮೆತ್ತನೆ ಮನುಷ್ಯ. ಚಾವಿಯನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಚೀಟಿ ಓದಿಸಿ ಕೇಳಿ, ಕೊರಳ ದಾರವನ್ನು ಬೆರಳಿಗೆ ಸುತ್ತಿಕೊಂಡರು. ಚಾವಿ ಕೈಬಿಟ್ಟು ಕೊಡುವ ಹುಕುಂ ತನಗಿಲ್ಲ, ಉಳಿದ ಎರಡು ಚಾವಿ ನೌಬಾದಕ್ಕೆ ಬಂದರೆ ಯಾವ ಹೊತ್ತಿಗೆ ಕರೆದರೂ ತಾನು ಓಡಿ ಬರುತ್ತೇನೆ ಎಂದರು. ಮೊದಲು ಭಾಲ್ಕಿಗೆ ಹೋಗು, ಶರಫೋದ್ದೀನ ಸಾಹೇಬರ ಹೈದರಾಬಾದ ವಿಳಾಸ ಇರುವುದೂ ಮಕ್ಸೂದ ಸಾಹೇಬರ ಹತ್ತಿರವೇ ಎಂದೂ ಹೇಳಿ, ಸಿಪಾಯಿಯ ಸೈಕಲ್ಲಿನ ಹಿಂದೆ ಕೂರಿಸಿ ಸ್ಟೇಷನ್ನಿಗೆ ಕಳಿಸಿದರು.

ಭಾಲ್ಕಿಯಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ದವಾಖಾನೆಯ ಕಟ್ಟೆಯ ಮೇಲೆ ಒಬ್ಬ ಆಯಾ ಕೂತು ಹತ್ತಿ ಬಿಡಿಸುತ್ತಿದ್ದಳು. ಡಾಕ್ಟರು ಕಾಲರಾ ಸೂಜಿ ಹಾಕಲು ಹಳ್ಳಿಗೆ ಹೋಗಿದ್ದಾರೆ, ಬರುವುದು ನಾಳೆ ಬೆಳಿಗ್ಗೆ ಎಂದಳು. ಯಾವ ಹಳ್ಳಿ ಎಂದು ಅವಳಿಗೆ ಗೊತ್ತಿರಲಿಲ್ಲ. ಪಂಢರಿ ಎರಡು ಹಳ್ಳಿಗೆ ನಡೆದು ಹೋಗಿ ಬಂದ, ಎರಡರಲ್ಲೂ ಡಾಕ್ಟರಿರಲಿಲ್ಲ. ಮರಳಿ ಬಂದು ಅದೇ ಕಟ್ಟೆಯ ಮೇಲೆ ಬಿದ್ದುಕೊಂಡ. ಅವನಿಗೆ ಅಳು ಬರಲಿಲ್ಲ, ನಿದ್ದೆಯೂ ಬರಲಿಲ್ಲ.

ಮಂಗಳವಾರ ಎಂಟು ಗಂಟೆಗೆ ಟಾಂಗಾದಿಂದ ಇಳಿದ ಮಕ್ಸೂದ ಸಾಹೇಬರು ಇನ್ನೂ ಮೂವತ್ತು ದಾಟದವರು. ಚೀಟಿ ನೋಡಿದ ಕೂಡಲೇ ಅವರ ಮುಖ ಬಿಳಿಚಿಕೊಂಡಿತು. ಕೆಟ್ಟವರಲ್ಲ, ಆದರೆ ಹೆದರಿದ್ದರು. ತನ್ನ ಮೇಲಧಿಕಾರಿ ಯಾರೆಂದು ಇನ್ನೂ ತನಗೆ ತಿಳಿದಿಲ್ಲ, ಕ್ಯಾಂಪಿನ ಕಡತ ಬೆಂಗಳೂರಿಗೆ ಹೋಗಿದೆಯೋ ಹೈದರಾಬಾದಿಗೋ ಗೊತ್ತಿಲ್ಲ, ಆ ಸೀರಂ ಈಗ ಯಾವ ರಾಜ್ಯದ ಸೊತ್ತೋ ಅದೂ ಗೊತ್ತಿಲ್ಲ, ಮೇಲಿನಿಂದ ಒಂದು ಕಾಗದ ಬಾರದೆ ಚಾವಿ ಹೇಗೆ ಕೊಡಲಿ ಎಂದು ಒಂದೇ ಉಸಿರಿಗೆ ಹೇಳಿದರು. ಪಂಢರಿ ಅವರ ಕಾಲಿಗೆ ಬೀಳಲಿಲ್ಲ. ಕೇರಿಯ ಹೊಸ ಮಾತಿನಲ್ಲಿ ಅದೂ ಸೇರಿತ್ತು, ಇನ್ನು ಯಾರ ಕಾಲಿಗೂ ಬೀಳುವುದಿಲ್ಲ ಎಂದು. ನೆಟ್ಟಗೆ ನಿಂತೇ ಕೇಳಿದ.

"ಸಾಹೇಬ್ರ, ಆ ಔಷಧ ಯಾರಿಗಂತ ಮಾಡ್ಯಾರಿ?"

ಮಕ್ಸೂದ ಸಾಹೇಬರು ಮೇಜಿನ ಖಾನೆ ಎಳೆದು, ಚಾವಿ ತೆಗೆದು ಅವನ ಕೈಗಿಟ್ಟರು. ಶರಫೋದ್ದೀನ ಸಾಹೇಬರ ವಿಳಾಸ ಬರೆದು, ಅರ್ಜೆಂಟು ತಂತಿಯ ಒಕ್ಕಣೆಯನ್ನೂ ತಾವೇ ಬರೆದುಕೊಟ್ಟರು: ಪೆಟ್ಟಿಗೆಯ ಚಾವಿ ಎಲ್ಲಿ, ಕೂಡಲೇ ತಿಳಿಸಿ, ಒಂದು ಜೀವದ ಪ್ರಶ್ನೆ. ಆ ಕೊನೆಯ ದಿನ ಶರಫೋದ್ದೀನ ಸಾಹೇಬರು ಚಾವಿ ಏನು ಮಾಡಿದರೆಂದು ಪಂಢರಿ ಕೇಳಿದಾಗ, ತನಗೆ ನೆನಪಿಲ್ಲ, ರೈಲಿಗೆ ಹೊತ್ತಾಗಿತ್ತು, ಯಾದಿ ಓದದೆಯೇ ಸಹಿ ಮಾಡಿದೆ ಎಂದು ತಲೆ ತಗ್ಗಿಸಿದರು.

ಬೀದರಿಗೆ ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ತಂತಿ ಆಫೀಸಿನ ಬಾಬು ಖಾಸಿಂ ಅಲಿ ಒಕ್ಕಣೆ ಓದಿ, ಸಾಲಿನಲ್ಲಿದ್ದವರನ್ನೆಲ್ಲ ಬದಿಗೆ ಸರಿಸಿ, ಮೊದಲು ಅದನ್ನೇ ಕಟಕಟ ಬಡಿದ. ಆಮೇಲೆ ಪಂಢರಿಗೆ ಮಾಡಲು ಏನೂ ಇರಲಿಲ್ಲ. ಬಾಗಿಲ ಬಳಿ ಕುಕ್ಕರುಗಾಲಿನಲ್ಲಿ ಕೂತು ಗೋಡೆಯ ಗಡಿಯಾರ ನೋಡಿದ. ಒಂದು ಹೊಡೆಯಿತು, ಎರಡು ಹೊಡೆಯಿತು. ಚಾವಿ ಹೈದರಾಬಾದಿನಲ್ಲಿದ್ದರೆ ಇಂದು ಬರುವುದಿಲ್ಲ ಎಂಬುದು ಅವನಿಗೆ ಆಗಲೇ ಹೊಳೆದಿತ್ತು. ಯಾರಾದರೂ ಬೀದರಿನವರ ಕೈಯಲ್ಲಿ ಬಿಟ್ಟಿರಲಿ ದೇವರೇ ಎಂದುಕೊಂಡ. ಹಳೆಯ ದೇವರುಗಳನ್ನು ಕೇರಿ ಬಿಟ್ಟು ತಿಂಗಳಾಗಿತ್ತು. ಆದರೂ ಬಾಯಿಗೆ ಬಂತು. ಮೂರೂ ಮುಕ್ಕಾಲಿಗೆ ಖಾಸಿಂ ಅಲಿ ಕಿಟಕಿಯಿಂದ ಕೈ ಮಾಡಿ ಕರೆದ.

"ಚಾವಿ ಪೆಟ್ಟಿಗಿ ಒಳಗ ಅದ, ಯಾದಿ ನೋಡ್ರಿ ಅಂತ ಬಂದದ," ಎಂದ.

ಪಂಢರಿಗೆ ಅರ್ಥವಾಗಲಿಲ್ಲ. ಯಾವ ಪೆಟ್ಟಿಗೆ ಎಂದು ಕೇಳಿದ. ಇನ್ನೊಮ್ಮೆ ಓದಿಸಿದ, ಮೂರನೆಯ ಸಲವೂ ಓದಿಸಿದ. ಆಗ ಅವನ ಬೆರಳಿಗೇ ನೆನಪಾಯಿತು. ಅರಗಿನ ಮುದ್ರೆ ಒತ್ತಿದ ಆ ಲಕೋಟೆಯೊಳಗೆ ಏನೋ ಸಣ್ಣ ಗಟ್ಟಿ ವಸ್ತು ಅವನ ಬೆರಳಿಗೆ ತಾಗಿತ್ತು. ಅದನ್ನು ಅವನೇ ಪೆಟ್ಟಿಗೆಯಲ್ಲಿಟ್ಟಿದ್ದ, ಅವನೇ ಮುಚ್ಚಳ ಹಾಕಿದ್ದ, ಅವನೇ ಕೀಲಿ ಒತ್ತಿದ್ದ. ಶರಫೋದ್ದೀನ ಸಾಹೇಬರು ಬಲು ಪ್ರಾಮಾಣಿಕ ಮನುಷ್ಯ. ಚಾವಿ ತೆಗೆದುಕೊಳ್ಳಲು ಹೊಸ ಅಧಿಕಾರಿ ಬಂದಿರಲಿಲ್ಲ. ಇನ್ನೊಂದು ರಾಜ್ಯದ ಸೊತ್ತನ್ನು ಕಿಸೆಯಲ್ಲಿಟ್ಟುಕೊಂಡು ಹೋದರೆ ನಾಳೆ ಮಾತು ಬರುತ್ತದೆ. ಅದಕ್ಕೆ ಅದನ್ನು ಲಕೋಟೆಗೆ ಹಾಕಿ, ಮುದ್ರೆ ಒತ್ತಿ, ಯಾದಿಯಲ್ಲಿ ಬರೆದು, ಉಳಿದ ಸಾಮಾನಿನ ಜೊತೆ ಭದ್ರವಾಗಿ ಒಳಗಿಟ್ಟು ಹೋಗಿದ್ದರು. ಇಲ್ಲಿ ಉಳಿದ ಯಾದಿಯ ನಕಲೂ ಒಳಗೇ ಇತ್ತು. ಅವರ ಕೆಲಸದಲ್ಲಿ ಒಂದಿಷ್ಟೂ ಕೊರತೆಯಿರಲಿಲ್ಲ, ಬೆಂಕಿ ಬೀಳಲಿ ಆ ಪ್ರಾಮಾಣಿಕತೆಗೆ.

ಇದ್ದೂ ಇಲ್ಲದ ಚಾವಿಗಾಗಿ ಒಂದು ದಿನ, ಇಪ್ಪತ್ತೇಳು ಗಂಟೆ, ಅವ್ವನ ಉಸಿರಿನ ಲೆಕ್ಕದಲ್ಲಿ ಎಷ್ಟೋ. ನಿನ್ನೆ ಮಧ್ಯಾಹ್ನ ಎತ್ತಿದ ಆ ಕಲ್ಲನ್ನು ಕೀಲಿಯ ಮೇಲೆ ಹಾಕಿದ್ದರೆ ಸಂಜೆಯ ಮೋಟಾರಿಗೆ ಔರಾದ ಸೇರುತ್ತಿದ್ದ. ತಂತಿ ಆಫೀಸಿನ ಮೆಟ್ಟಿಲ ಮೇಲೆ ಪಂಢರಿ ತನ್ನ ಕೆನ್ನೆಗೆ ತಾನೇ ರಪರಪ ಹೊಡೆದುಕೊಂಡ. ದಾರಿಯವರು ನಿಂತು ನೋಡಿದರು. ಆಮೇಲೆ ಓಡಿದ.

ಸುಭೇದಾರರು ತಂತಿಯ ಕಾಗದ ಕೈಯಲ್ಲಿ ಹಿಡಿದು, ಕೊರಳ ದಾರ ತೆಗೆದು, ಅವನ ಜೊತೆಗೇ ನಡೆದರು. ದಾರಿಯಲ್ಲಿ ಕಮ್ಮಾರನ ಅಂಗಡಿಯಿಂದ ಕಬ್ಬಿಣ ಕೊಯ್ಯುವ ಗರಗಸ ಇಸಿದುಕೊಂಡರು. ಎರಡು ಕೀಲಿ ಚಾವಿಯಿಂದ ತೆರೆದವು. ಮೂರನೆಯದರ ಮುಂದೆ ಗರಗಸ ಇಟ್ಟು ಸುಭೇದಾರರು ಎದ್ದು ನಿಂತರು.

"ನಾ ಹೊರಗ ಚಾ ಕುಡೀಲಾಕ ಹೋಗ್ತೇನಿ," ಎಂದರು. "ಕೇಳಿದ್ರ ನಾ ನೋಡಿಲ್ಲ ಅಂತೇನಿ. ಮೆಲ್ಲಕ ಕೊಯ್ಯಿ, ಬಡೀಬ್ಯಾಡ."

ಕೀಲಿಯ ಕೊಂಡಿ ತುಂಡಾಗಲು ಹಿಡಿದದ್ದು ಒಂದು ಬೀಡಿ ಸೇದುವಷ್ಟು ಹೊತ್ತು. ಒಂದು ನಳಿಗೆಯೂ ಅಲುಗಲಿಲ್ಲ. ಪಂಢರಿ ನಾಲ್ಕು ಬಾಟಲಿ ಸೀರಂ ತೆಗೆದು, ಹಸಿ ಬಟ್ಟೆಯಲ್ಲಿ ಸುತ್ತಿ, ಎದೆಗೆ ಕಟ್ಟಿಕೊಂಡ. ಮುಚ್ಚಳ ಹಾಕುವ ಮುಂಚೆ ಆ ಲಕೋಟೆಯನ್ನು ಮುಟ್ಟಿ ನೋಡಿದ. ಚಾವಿ ಅಲ್ಲೇ ಇತ್ತು.

ಔರಾದಿನ ಕೊನೆಯ ಮೋಟಾರು ಹೋಗಿ ಅರ್ಧ ಗಂಟೆಯಾಗಿತ್ತು. ಸುಭೇದಾರರು ನಡುರಸ್ತೆಯಲ್ಲಿ ನಿಂತು, ಉದ್ದಿನ ಚೀಲ ಹೇರಿದ್ದ ಒಂದು ಲಾರಿ ತಡೆದು ಹತ್ತಿಸಿದರು. ಲಾರಿ ಅಡಿಗಡಿಗೆ ನಿಂತಿತು. ಒಂದು ಕಡೆ ಇಂಜಿನ್ನಿಗೆ ನೀರು, ಒಂದು ಕಡೆ ದನದ ಹಿಂಡು, ಒಂದು ಕಡೆ ಸುಂಕದ ಕಟ್ಟೆ. ಪ್ರತಿ ಸಲವೂ ಪಂಢರಿ ಚೀಲದ ಮೇಲಿನಿಂದ ಇಳಿದು ಮುಂದಕ್ಕೆ ಓಡುತ್ತಿದ್ದ, ಲಾರಿ ಹಿಂದಿನಿಂದ ಬಂದು ಅವನನ್ನು ಹತ್ತಿಸಿಕೊಳ್ಳುತ್ತಿತ್ತು.

ಕೇರಿಯ ಮುಂದೆ ಇಳಿದಾಗ ದೀಪ ಹಚ್ಚಿ ಬಹಳ ಹೊತ್ತಾಗಿತ್ತು. ಮನೆ ಮುಂದೆ ಜನ ಕೂತಿದ್ದರು, ಯಾರೂ ಏಳಲಿಲ್ಲ. ಹೆಂಡತಿ ಶಾಲುಬಾಯಿ ಬಾಗಿಲಿಗೆ ಬಂದು, ಅವನ ಎದೆಯ ಗಂಟು ನೋಡಿ, ಸೆರಗು ಬಾಯಿಗೆ ತುರುಕಿಕೊಂಡಳು. ಜಿಜಾಬಾಯಿ ಹೋಗಿ ಒಂದು ಗಂಟೆಯಾಗಿತ್ತು. ಕೊನೆಯ ತನಕ ಎಚ್ಚರವಿತ್ತಂತೆ, ಮಾತು ಮಾತ್ರ ಬರುತ್ತಿರಲಿಲ್ಲವಂತೆ. ಬಾಗಿಲು ತೆಗೆದೇ ಇಡು ಎಂದು ಕೈಸನ್ನೆ ಮಾಡಿದ್ದಳಂತೆ.

ಪಂಢರಿ ಅವ್ವನ ಪಕ್ಕದಲ್ಲಿ ಕೂತು ಗಂಟು ಬಿಚ್ಚಿ, ನಾಲ್ಕು ಬಾಟಲಿಯನ್ನೂ ಅವಳ ಹಾಸಿಗೆಯ ಅಂಚಿಗೆ ಸಾಲಾಗಿ ಇಟ್ಟ. ತಂದೀನಿ ಎಂದ. ಅಷ್ಟೇ ಅವನು ಹೇಳಿದ್ದು. ಆಮೇಲೆ ಅವನು ಅತ್ತದ್ದನ್ನು ಕೇಳಿದವರು ಇವತ್ತಿಗೂ ಆ ಸುದ್ದಿ ಎತ್ತುವುದಿಲ್ಲ.

ಗೋಡೆಯ ಬದಿಗೆ ಪುತಳಾಬಾಯಿ ಕೂತಿದ್ದಳು. ಕೇರಿಯೊಳಗೆ ಕುರುಬರ ಹೆಂಗಸು ಬಂದು ಕೂತದ್ದನ್ನು ಅಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಕರೀಮ ಸಾಬರು ಬಂದವರೇ ಆ ಸೆರಗು ಸರಿಸಿದರು. ಹೆಬ್ಬೆರಳ ಬುಡದಲ್ಲಿ ಕಪ್ಪು ಗುಳ್ಳೆ, ಮುಂಗೈಯವರೆಗೆ ಬಾವು. ಎರಡು ದಿನದಿಂದ ಯಾರಿಗೂ ತೋರಿಸಿರಲಿಲ್ಲ.

"ಜಿಜೀ ಔಷಧ ನನಗ ಬ್ಯಾಡರಿ," ಎಂದು ಕೈ ಹಿಂದಕ್ಕೆಳೆದುಕೊಂಡಳು. "ನನ್ನ ಕುರಿ ಹೊತ್ತು ಹೋದಳು ಆಕಿ. ನಾ ಹ್ಯಾಂಗ ಉಳೀಲಿ?"

ಪಂಢರಿ ಮುಖ ಒರೆಸಿಕೊಂಡು ಎದ್ದ. ಒಂದು ಬಾಟಲಿ ತೆಗೆದು, ಅವಳ ಎಡಗೈ ಹಿಡಿದು, ಕೈಯೊಳಗೇ ಇಟ್ಟ. "ನೀ ನನಗ ಹಾಲು ಕೊಟ್ಟಾಕಿ, ಯವ್ವಾ. ಹಾಕ್ಕೊ," ಎಂದ. ಕರೀಮ ಸಾಬರು ಸೂಜಿ ಕುದಿಸಲು ಬೆಂಕಿ ಕೇಳಿದರು. ಅಂದು ಒಂದು ಬಾಟಲಿ, ಮರುದಿನ ಇನ್ನೆರಡು. ಎಂಟು ದಿನಕ್ಕೆ ಬಾವು ಇಳಿದು, ಪುತಳಾಬಾಯಿ ಬದುಕಿದಳು.

ಇಪ್ಪತ್ತು ದಿನದ ಮೇಲೆ ನೌಬಾದದ ಡೇರೆಯ ಮುಂದೆ ಒಂದು ಜೀಪು ಬಂದು ನಿಂತಿತು. ಅದರಿಂದ ಮೂವರು ಇಳಿದರು. ಮೈಸೂರಿನಿಂದ ಬಂದ ಹೊಸ ದನದ ಅಧಿಕಾರಿ ಒಬ್ಬರು, ಮಕ್ಸೂದ ಸಾಹೇಬರ ಮೇಲಿನ ದೊಡ್ಡ ಡಾಕ್ಟರು ಒಬ್ಬರು, ಮಿಲಿಟರಿಯ ಕ್ಯಾಪ್ಟನ್ ಒಬ್ಬರು. ಕೀಲಿ ಒಡೆದ ಪ್ರಕರಣದ ಜಂಟಿ ವಿಚಾರಣೆಗೆ ಬಂದಿದ್ದರು. ಮೂರು ಇಲಾಖೆಯ ದೊಡ್ಡವರು ಒಂದೇ ಗಾಡಿಯಲ್ಲಿ ಬಂದು, ಒಂದೇ ಮೇಜಿಗೆ ಕೂತು, ಒಂದೇ ಕಾಗದಕ್ಕೆ ಒಮ್ಮತದಿಂದ ಸಹಿ ಮಾಡಿದ್ದನ್ನು ಪಂಢರಿ ಕಂಡದ್ದು ಅದೇ ಮೊದಲು. ರೋಗ ಬಂದಾಗ ಕೂಡದವರು ಕೀಲಿ ಮುರಿದಾಗ ಕೂಡಿದ್ದರು, ಅದೂ ಕೈಗೆ ಕೈ ಹಿಡಿದು. ಪಂಚನಾಮೆ ಮುಗಿದ ಮೇಲೆ ಹೊಸ ಅಧಿಕಾರಿ ಕಾಗದವನ್ನು ಅವನ ಕಡೆ ತಿರುಗಿಸಿ, ಇಲ್ಲಿ ಸಹಿ ಹಾಕಪ್ಪ ಎಂದರು.

"ಓದಿ ಹೇಳ್ರಿ ಸಾಹೇಬ್ರ," ಎಂದ ಪಂಢರಿ.

ಅವರು ಬೇಸರದಿಂದಲೇ ಓದಿದರು. ರೋಗಾಣು ನಳಿಗೆ ಆರು, ಸರಿಯಾಗಿದೆ. ಸೀರಂ ಬಾಟಲಿ ಹನ್ನೆರಡರಲ್ಲಿ ನಾಲ್ಕು ತೆಗೆದದ್ದು, ಅದರಲ್ಲಿ ಒಂದು ತುಂಬಿದ ಬಾಟಲಿ ಚಪರಾಸಿಯೇ ಮರಳಿಸಿದ್ದು. ಬೀಗ ಮೂರು, ಒಂದು ಕೊಯ್ದದ್ದು. ಬೀಗದ ಕೈ ಒಂದು, ಲಕೋಟೆಯೊಳಗೆ, ಮುದ್ರೆ ಮುರಿದಿಲ್ಲ, ಸುರಕ್ಷಿತ. ಆರೋಪಿ ಸದರಿ ಚಪರಾಸಿ ಪಂಢರಿ.

"ಇದರಾಗ ಜಿಜಾಬಾಯಿ ಅಂತ ಎಲ್ಲಿ ಅದರಿ?"

ಅದು ಯಾರು ಎಂದು ಅವರು ಕೇಳಿದರು. ಪಂಢರಿ ಹೇಳಿದ. ಹೊಸ ಅಧಿಕಾರಿ ಕನ್ನಡಕ ತೆಗೆದು, ನೋಡಪ್ಪಾ, ಇದು ಪೆಟ್ಟಿಗೆಯ ಪಂಚನಾಮೆ, ಇದರಲ್ಲಿ ಅದಕ್ಕೆ ಜಾಗವಿಲ್ಲ ಎಂದು ಮೆಲ್ಲಗೇ ಹೇಳಿದರು. ಡೇರೆಯ ಹೊರಗೆ ನಿಂತಿದ್ದ ಸುಭೇದಾರರು ಬಾಗಿಲ ಹತ್ತಿರ ಬಂದರು. ಪಂಢರಿ ಎದೆಯ ಮೇಲಿನ ಪಟ್ಟೆ ಬಿಚ್ಚಿ, ಸುರುಳಿ ಸುತ್ತಿ, ಪೆಟ್ಟಿಗೆಯ ಮುಚ್ಚಳದ ಮೇಲಿಟ್ಟ.

"ಹಂಗಾದ್ರ ನಾ ಸಹಿ ಮಾಡಂಗಿಲ್ಲರಿ. ಹಿಂದ ಒಮ್ಮಿ ಕೇಳದೆ ಮಾಡೀನಿ, ಅವ್ವನ ಕಳಕೊಂಡೀನಿ. ಚಾವಿ ಒಳಗಿಟ್ಟು ಕೀಲಿ ಒತ್ತಿದ ಕೈ ನಂದ, ಅದನ್ನ ಬರೀರಿ. ಇಡು ಅಂದವರ ಹೆಸರು ಬರೀರಿ. ಓದದೆ ಸಹಿ ಹಾಕಿದವರ ಹೆಸರು ಬರೀರಿ. ಕೆಳಗ ಸತ್ತಾಕಿ ಹೆಸರು ಬರೀರಿ. ಆಮ್ಯಾಲ ಎಲ್ಲರಕಿಂತ ಮೊದಲ ನಾ ಸಹಿ ಮಾಡ್ತೇನಿ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಸತ್ತವಳು ಯಾರ ಇಲಾಖೆಗೆ ಸೇರಿದವಳೆಂದು ಮೂವರಿಗೂ ಗೊತ್ತಾಗಲಿಲ್ಲ.